ಕಿವಿ ಹಿಂದಿನ ಜಡಿ

ಆ ನಾಯಿಮರಿ ನಮ್ಮನಿಗೆ ಬಂದಿದ್ದು ಇನ್ನೊಬ್ಬರಿಗೆ ಬ್ಯಾಡಾಗಿ. ನಾ ಟೈಲ್ಸ್ ಕೂಡಸೋ ಕೆಲಸ ಮಾಡ್ತೇನಿ. ಗೋವಾದ ಕಲಂಗುಟ್‌ದಾಗ ಒಂದು ಬಂಗ್ಲೆದ ಬಾತ್‌ರೂಮ್ ಕೆಲಸ ನಡದಿತ್ತು. ಆ ಮನಿ ಮಾಲಕಿ ಬಾಯಿ ಮರಿ ತಂದು ಭಾಳ ದಿನ ಆಗಿದ್ದಿಲ್ಲ, ಗಂಡಗ ದುಬೈದಾಗ ನೌಕರಿ ಆತು. ನಾ ಡಬ್ಬಿ ಬಿಚ್ಚಿ ಊಟಕ್ಕ ಕುಂತ್ರ ಮರಿ ಬಂದು ನನ್ನ ಪಾದದ ಮ್ಯಾಲ ಮಲಗತಿತ್ತು. ಸಿಮೆಂಟ್ ಹತ್ತಿದ ಪಾದ, ಅದಕ್ಕೇನು ಹೇಸಿಕಿ ಇಲ್ಲ. ಬಾಯಿ ಇದನ್ನ ನೋಡ್ಯಾಳ. ನೀನ ಒಯ್ಯಿ ಭೈಯ್ಯಾ ಅಂತ ಹಿಂದಿಯೊಳಗ ಅಂದ್ಲು. ಒಯ್ದೆ.

ಕಾಕಪೂ ಅಂತ ಜಾತಿ. ಕಾಕರ್ ಒಂದು, ಪೂಡಲ್ ಒಂದು, ಎರಡೂ ಕೂಡಿ ಹುಟ್ಟಿದ್ದು. ಮೈತುಂಬ ಗುಂಗುರು ಕೂದ್ಲ, ಬಣ್ಣ ಬೆಲ್ಲದ ಚಹಾದಂಗ. ವಾಸ್ಕೋ ಹತ್ತರ ನಾವಿರೋ ಸಡಾಕ್ಕ ತಂದ ದಿನ ಓಣಿ ಮಂದಿ ನೋಡಾಕ ಬಂದ್ರು. ಬಾಜೂಮನಿ ಕಾಕಾ ಬಂದರದಾಗ ಲೋಡಿಂಗ್ ಮಾಡ್ತಾನ, ಹಳ್ಯಾಗ ಕುರಿ ಕಾಯ್ದಾಂವ. ಎತ್ತಿ ಹಿಡದು ಹಲ್ಲು ನೋಡಿದ.

"ಏನಲೇ, ಕುರಿಮರಿ ತಂದು ನಾಯಿ ಅಂತೀಯಲ್ಲ? ತುಪ್ಪಳ ಕತ್ತರಿಸಿದಾಗ ಹೇಳು, ನನಗೊಂದು ಕಂಬಳಿ ಆಗ್ತೈತಿ."

ಮನ್ಯಾಗ ನಾವು ಮೂರ ಮಂದಿ. ಅವ್ವ, ಸಾಲಿಗೆ ಹೋಗೋ ತಂಗಿ, ನಾನು. ಅಪ್ಪ ತೀರಿಕೊಂಡು ಭಾಳ ವರ್ಷ ಆತು. ಅವ್ವ ಮೊದಲ ದಿನ ಮರಿ ಮುಟ್ಟಲಿಲ್ಲ. ದೇವರ ಜಗಲಿ ಐತಿ, ನಾಯಿ ಒಳಗ ಬ್ಯಾಡ ಅಂದ್ಲು. ನಾ ಕೆಲಸದ ಜಾಗಾದಾಗ ಇರಾಂವ, ಆಯಿತವಾರ ಅಷ್ಟ ಮನಿಗೆ ಬರಾಂವ. ಮುಂದಿನ ಆಯಿತವಾರ ಬಂದು ನೋಡ್ತೇನಿ, ಮರಿ ಅವ್ವನ ಕೌದಿಯೊಳಗ ಐತಿ.

ಅಲ್ಲಿಂದ ಅದು ಅವ್ವನ ಕೂಸು. ರೊಟ್ಟಿ ಮುರದು ಹಾಲಾಗ ನೆನಸಿ ಕೈಯಾರೆ ತಿನಸ್ತಿದ್ಲು. ಆಯಿತವಾರಕ್ಕೊಮ್ಮೆ ಬಿಸಿನೀರು ಎರಿತಿದ್ಲು. ಸಣ್ಣ ಕೂಸಿಗೆ ಹೆಂಗ ಎರಿತಾರ, ಹಂಗ, ಕಾಲು ಚಾಚಿ ಮೊಳಕಾಲ ಮ್ಯಾಲ ಮಲಗಿಸ್ಕೊಂಡು. ಒರಸಿ ಲೋಬಾನದ ಹೊಗಿ ಹಿಡಿತಿದ್ಲು. ಹೊಗಿಗೆ ಅದು ಸೀನತಿತ್ತು. ತಂಗಿ ಬಿದ್ದು ಬಿದ್ದು ನಗ್ತಿದ್ಲು. ಅವ್ವ ನಕ್ಕಿದ್ದೂ ಆವಾಗ ನೋಡೇನಿ. ಅಷ್ಟು ನಗೋ ಹೆಣಮಗಳು ಅಲ್ಲ ಆಕಿ.

ತಂಗಿ ಮೊಬೈಲ್‌ದಾಗ ಓದಿ ಹೇಳಿದ್ಲು, ಈ ಜಾತಿ ನಾಯಿ ಕೂದ್ಲ ದಿನಾ ಬಾಚಬೇಕಂತ, ಇಲ್ಲಂದ್ರ ಗಂಟ ಆಗ್ತಾವಂತ. ವಾಸ್ಕೋದಾಗ ನಾಯಿಗೆ ಸೂಜಿ ಹಾಕೋ ಡಾಕ್ಟರ್ ಬಾಯಿನೂ ಮಳಿಗಿಂತ ಮೊದಲ ಕೂದ್ಲ ಸಣ್ಣ ಮಾಡಸ್ರಿ ಅಂದಿದ್ಲು. ಅವ್ವ ಬಾಚತಿದ್ಲು. ಖರೇ ಮಳಿ ಹಿಡದಮ್ಯಾಲ ಆಗಲಿಲ್ಲ. ಕೂದ್ಲ ಒಣಗಂಗಿಲ್ಲ, ಕೆಳಗಿನ ಬಂದರದ ಕಲ್ಲಿದ್ದಲ ಕರಿ ಧೂಳಿ ಬಂದು ಅದರಾಗ ಕೂಡತೈತಿ, ಹಣಗಿ ಹಾಕಿದ್ರ ಮರಿ ಅಳತೈತಿ. ಅದು ಅತ್ರ ಅವ್ವಗ ಕೈ ಬರಂಗಿಲ್ಲ.

ನಾ ಒಬ್ಬ ಕಟಿಂಗ್ ಅಂಗಡಿ ದೋಸ್ತನ ಕಡೆ ಮಶೀನ್ ಇಸಗೊಂಡು ಬಂದೆ. ಬೆನ್ನಿನ ಕೂದ್ಲ ಹೊಡದೆ, ಹೊಟ್ಟೀದು ಹೊಡದೆ. ಎಡಗಿವಿ ಹಿಂದ ಕೈ ಹೋತು. ಅಲ್ಲಿ ಕೂದ್ಲ ಹೆಬ್ಬಟ್ಟಿನಷ್ಟು ದಪ್ಪ ಹಗ್ಗ ಆಗಿತ್ತು. ಹಳದಿ ಕಂಡಂಗಾತು. ಮೂಸಿ ನೋಡಿದೆ, ಅರಿಶಿನ.

ಅವ್ವ ಒಲಿ ಮುಂದಿನಿಂದ ಎದ್ದು ಬಂದು ನನ್ನ ಮಣಿಕಟ್ಟು ಹಿಡದ್ಲು.

"ಅದಕ್ಕ ಕತ್ತರಿ ಮುಟ್ಟಸಬ್ಯಾಡ. ಜಡಿ ಅದು."

ನಮ್ಮ ಕಡೆ ಕೂದ್ಲ ತಾನ ಗಂಟು ಬಿದ್ದು ಜಡಿ ಆತಂದ್ರ ಎಲ್ಲವ್ವ ಬಂದಾಳ ಅಂತಾರ. ಕೊಯ್ಯಂಗಿಲ್ಲ, ಅರಿಶಿನ ಹಚ್ಚತಾರ. ಅವ್ವನ ತಲಿಯೊಳಗೂ ಒಂದು ಐತಿ, ಹಿಂದ, ತುರುಬಿನ ಒಳಗ. ನನ್ನ ತಮ್ಮ ಒಬ್ಬ ಹುಟ್ಟಿ ಉಳೀಲಿಲ್ಲ, ಆ ವರ್ಷ ಬಂದದ್ದು. ಅದು ಬಂದಮ್ಯಾಲ ತಂಗಿ ಹುಟ್ಟಿ ಉಳದ್ಲು. ಅವ್ವಗ ಅಷ್ಟ ಸಾಕು. ಯಾರು ಏನ ಹೇಳಿದ್ರೂ ಆಕಿ ಅಲ್ಲಿಂದ ಅಲಗಾಡಂಗಿಲ್ಲ.

"ಅವ್ವಾ, ಅದು ನಾಯಿ," ಅಂದೆ.

"ನಾಯಿಗೆ ಬರಬಾರದಂತ ಯಾರ ಹೇಳ್ಯಾರ? ತಾಯಿ ಬರೋದು ಮನಿ ನೋಡಿ, ಮೈ ನೋಡಿ ಅಲ್ಲ."

ಭಾಳ ಹೊತ್ತು ವಾದ ಆತು. ಹೊಲಸು ಅಂದೆ, ಗಂಟು ಅಂದೆ, ಡಾಕ್ಟರ್ ಹೇಳಿದ್ದು ನೆನಪು ಮಾಡಿದೆ. ಆಕಿ ಮರಿ ಎತ್ತಿ ಮಡಲಾಗ ಹಾಕ್ಕೊಂಡು ಕುಂತಬಿಟ್ಲು. ಆ ಮನಿಯೊಳಗ ದಿನಾ ಇರಾಕಿ ಆಕಿ, ನಾ ವಾರಕ್ಕೊಮ್ಮೆ ಬರಾಂವ. ಮಶೀನ್ ಬಂದ್ ಮಾಡಿದೆ. ಮೈಯೆಲ್ಲ ಬೋಳು, ಕಿವಿ ಹಿಂದ ಒಂದ ಜಡಿ. ನಿಮ್ಮ ನಾಯಿ ಸ್ವಾಮಿ ಆತಲ್ಲೋ, ಮಠ ಎಲ್ಲಿ ಕಟ್ಟಸ್ತಿ ಅಂತ ಕಾಕಾ ಕೇಳಿದ.

ಆಮ್ಯಾಲ ಒಂದು ಬುಧವಾರ ತಂಗಿ ಫೋನ್ ಮಾಡಿದ್ಲು. ಮರಿ ರೊಟ್ಟಿ ಮುಟ್ಟವಲ್ದು, ಏಳವಲ್ದು ಅಂದ್ಲು. ಕೆಲಸ ಬಿಟ್ಟು ಮಳ್ಯಾಗ ಗಾಡಿ ಹೊಡಕೊಂಡು ಬಂದೆ. ತುಟಿ ಎತ್ತಿ ನೋಡಿದ್ರ ಒಸಡು ಸುಣ್ಣದಂಗ ಬೆಳ್ಳಗ. ಉಚ್ಚಿ ಕರಿಚಹಾದಂಗ. ಅವ್ವ ಸೆರಗಿನಾಗ ಸುತ್ತಿಕೊಂಡು ಗಾಡಿ ಹಿಂದ ಕುಂತ್ಲು. ವಾಸ್ಕೋ ಮುಟ್ಟೋತನಾ ಮರಿ ಮ್ಯಾಲ ಮಳಿ ಬೀಳದಂಗ ಬಗ್ಗಿ ಕುಂತಿದ್ಲು.

ಡಾಕ್ಟರ್ ಬಾಯಿ ಉಣ್ಣಿ ಜ್ವರ ಅಂದ್ಲು. ಇಷ್ಟು ಬೋಳ ಮೈಯಾಗ ಉಣ್ಣಿ ಎಲ್ಲಿ ಅಂತ ಹುಡುಕಾಕತ್ಲು. ಕಿವಿ ಹಿಂದ ಕೈ ಹಾಕಿದ್ಲು. ಕತ್ತರಿ ತಗೊಂಡು ಜಡಿ ಬುಡಕ್ಕ ಕೊಯ್ದ್ಲು. ಕೆಳಗ ಚರ್ಮ ಹಸಿ ಆಗಿ ಕೊಳತಿತ್ತು. ಉಣ್ಣಿ ರಕ್ತ ಕುಡದು ಔಡಲಬೀಜದಂಗ ಉಬ್ಬಿ ಒಂದಕ್ಕೊಂದು ಹತ್ತಿ ಕುಂತಿದ್ವು.

ಇದೊಂದನ್ನ ಯಾಕ ಬಿಟ್ರಿ ಅಂತ ಕೊಂಕಣಿಯೊಳಗ ಕೇಳಿದ್ಲು. ನಾ ಅವ್ವನ ಕಡೆ ನೋಡಿದೆ. ಜಡಿ ತಗದು ಕಸದ ಡಬ್ಬಿಗೆ ಒಗದ್ಲು. ಸಲಾಯಿನ್ ಹಚ್ಚಿದ್ಲು. ತಡಾ ಆಗೈತಿ, ನೋಡೋಣ ಅಂದ್ಲು. ಹೊಂಡೋವಾಗ ಅವ್ವ ಬಗ್ಗಿ ಡಬ್ಬಿಯೊಳಗ ಕೈ ಹಾಕಿ ಆ ಜಡಿ ತಗೊಂಡು ಸೆರಗಿನ ತುದಿಗೆ ಗಂಟು ಹಾಕ್ಕೊಂಡ್ಲು. ಅಲ್ಲಿ ಕುಂತ ಮಂದಿ ಎಲ್ಲಾ ನೋಡಿದ್ರು.

ಶುಕ್ರವಾರ ಮುಂಜಾನಿ ಮರಿ ಹೋತು. ಅವ್ವನ ಮೊಳಕಾಲ ಮ್ಯಾಲ, ಎರಿಯೋವಾಗ ಹೆಂಗ ಮಲಗತಿತ್ತು ಹಂಗ. ಬಾಲ ಒಮ್ಮೆ ಅಲ್ಲಾಡಿಸ್ತು. ತಂಗಿ ಒಳಗ ಹೋಗಿ ಬಾಗಲಾ ಹಾಕ್ಕೊಂಡ್ಲು.

ಮನಿ ಹಿಂದ ಎಲ್ಲಾ ಕೆಂಪು ಕಲ್ಲು, ಸಲಿಕಿ ಇಳಿಯಂಗಿಲ್ಲ. ಕಾಕಾ ಪಿಕಾಸಿ ತಂದು ತಾನ ಕಡದ. ಅವತ್ತು ಒಂದು ಚೇಷ್ಟಿ ಮಾತು ಆಡಲಿಲ್ಲ. ತಗ್ಗಿನ್ಯಾಗ ನೀರು ತುಂಬತಿತ್ತು, ಮಗ್ಗಾದಲೆ ತೋಡಿ ಚೆಲ್ಲಿದೆ. ಮರಿ ಒರಸೋ ಅರಬಿಯೊಳಗ ಸುತ್ತಿ ಇಟ್ವಿ.

ಒಳಗ ಬಂದ ಮ್ಯಾಲ ಅವ್ವ ಸೆರಗಿನ ಗಂಟು ಬಿಚ್ಚಿ ಜಡಿ ಜಗಲಿ ಮ್ಯಾಲ ಇಡಾಕ ಹೋದ್ಲು.

"ಅಲ್ಲಿ ಇಡಬ್ಯಾಡ," ಅಂದೆ. "ಮರೀನ ತಿಂದದ್ದು ಅದ."

ಅವ್ವನ ಕೈ ಹಂಗ ನಿಂತಿತು. ಹೊಳ್ಳಿ ನೋಡಲಿಲ್ಲ. ಜಡಿ ತಗೊಂಡು ಹಿತ್ತಲಕ್ಕ ಹೋದ್ಲು. ಎಲ್ಲಿ ಇಟ್ಲು, ಏನ ಮಾಡಿದ್ಲು, ನಾ ಕೇಳಲಿಲ್ಲ. ಸುಳ್ಳು ಮಾತೇನೂ ಆಡಿದ್ದಿಲ್ಲ ನಾ. ಆದ್ರ ಮಾತಿಗಿಂತ ಆಕಿ ಬೆನ್ನು ನನ್ನ ಕಣ್ಣಾಗ ಉಳದೈತಿ.

ಮುಂದ ಆಯಿತವಾರ ಬಂದ್ರ ಮನಿ ಬಿಕೋ ಅಂತಿತ್ತು. ಅವ್ವ ಉಣ್ಣಾಕ ನೀಡತಿದ್ಲು, ನಾ ಉಣತಿದ್ದೆ. ಬಿಸಿನೀರು ಕಾಸಂಗಿಲ್ಲ, ಲೋಬಾನ ಇಲ್ಲ. ಅಣ್ಣಾ, ಅವ್ವ ತನ್ನ ಜಡಿಗೂ ಅರಿಶಿನ ಹಚ್ಚೋದು ಬಿಟ್ಟಾಳ ಅಂತ ತಂಗಿ ಸಣ್ಣ ದನಿಲೆ ಹೇಳಿದ್ಲು.

ಮಳಿ ಬಿಟ್ಟಮ್ಯಾಲ ಒಂದು ಆಯಿತವಾರ ಅವ್ವ ತಲಿ ಎರಕೊಂಡು ಹಿತ್ತಲ ಹೊಸ್ತಿಲದಾಗ ಬಿಸಲಿಗೆ ಕುಂತಿದ್ಲು. ನನ್ನ ಕರದ್ಲು. ಕೂದ್ಲ ಬಿಚ್ಚಿ ಮುಂದ ಹಾಕ್ಕೊಂಡ್ಲು, ಜಡಿ ಒಂದ ಹಿಂದ ಉಳೀತು.

"ಇದರ ಬುಡಕ ಏನರ ಐತೇನು ನೋಡು."

ಅದು ಬಂದಾಗಿಂದ ಒಮ್ಮೆನೂ ನಾ ಮುಟ್ಟಿದ್ದಿಲ್ಲ. ತೊಯ್ದ ಹಗ್ಗದಂಗ ಭಾರ ಇತ್ತು. ಎತ್ತಿ ನೋಡಿದೆ. ಕೆಳಗ ಚರ್ಮ ಬೆಳ್ಳಗ, ಸ್ವಚ್ಛ.

"ಏನಿಲ್ಲವ್ವ."

"ಚಲೋತ್ನಾಗಿ ನೋಡು."

ಬಿಸಲಿಗೆ ಹಿಡದು ಮತ್ತ ನೋಡಿದೆ. ಒಂದು ಕಲಿ ಸೈತ ಇಲ್ಲ.

"ಏನೂ ಇಲ್ಲ."

ಅವ್ವ ಮರಿ ಹುಗದ ಕೆಂಪು ಕಲ್ಲಿನ ಕಡೆ ನೋಡಾಕತ್ತಿದ್ಲು.

"ಹಂಗಾರ ಅದಕ್ಕ ಯಾಕ ಹಂಗಾತು?" ಅಂದ್ಲು.

ನನಗ ಗೊತ್ತಿತ್ತು, ಡಾಕ್ಟರ್ ಹೇಳಿದ್ದು ಎಲ್ಲಾ ಗೊತ್ತಿತ್ತು. ಜಡಿ ಮೆಲ್ಲಕ ಬಿಟ್ಟೆ. ಹಣಗಿ ತಗೊಂಡು ಉಳದ ಕೂದ್ಲ ಬಾಚಿದೆ.