ಮೂವರು ದೈತ್ಯರ ಕಾಲು ಹಿಡಿದವರು

ಬೆಳಗಿನ ಐದೂವರೆ. ಒಳಾಂಗಣ ಕ್ರೀಡಾಂಗಣದ ದೊಡ್ಡ ದೀಪಗಳು ಇನ್ನೂ ಹೊತ್ತಿಲ್ಲ. ಮೆಟ್ಟಿಲ ಕೆಳಗಿನ ಕಿಟಕಿಯಿಲ್ಲದ ಕೋಣೆಯಲ್ಲಿ ಒಂದೇ ಒಂದು ಟ್ಯೂಬ್‌ಲೈಟು ಉರಿಯುತ್ತಿದೆ. ರೆಕ್ಸಿನ್ ಹೊದಿಸಿದ ಮರದ ಮೇಜಿನ ಮೇಲೆ ಏಳಡಿಯ ಯುವಕನೊಬ್ಬ ಗೋಡೆಗೊರಗಿ ಕಾಲು ಚಾಚಿ ಕೂತಿದ್ದಾನೆ. ಮೇಜು ಅವನ ಮೀನಖಂಡಕ್ಕೇ ಮುಗಿದುಹೋಗಿದೆ. ಆಚೆಗೆ ಉಳಿದ ಕಾಲಿನ ಮುಂದೆ ಗಿಡ್ಡ ಸ್ಟೂಲಿನ ಮೇಲೆ ಕೂತ ಹಿರಿಯರು ಬಿಳಿ ಟೇಪಿನ ಸುರುಳಿ ಬಿಚ್ಚುತ್ತಿದ್ದಾರೆ.

“ಪಾದ ಮೇಲಕ್ಕೆತ್ತು. ಇನ್ನೂ ಸ್ವಲ್ಪ. ಹಾಂ, ಹಾಗೇ ಇರಲಿ.” ಟೇಪು ಹಿಮ್ಮಡಿಯ ಕೆಳಗೆ ಹಾದು, ಕಣಕಾಲನ್ನು ಸುತ್ತಿ, ಮತ್ತೆ ಪಾದದ ಬೆನ್ನಿಗೆ ಬರುತ್ತದೆ. ಎಲ್ಲೂ ಒಂದು ಸುಕ್ಕಿಲ್ಲ. “ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಗಾದೆ ಮಾಡಿದೋನು ಇಂಥವರನ್ನ ನೋಡಿರಲಿಲ್ಲ. ಇವರಳತೆಗೆ ಹಾಸಿಗೆ ಎಲ್ಲಿ ಸಿಗುತ್ತೆ?” ಯುವಕ ನಗುತ್ತಾನೆ. ಅವರು ನಗುವುದಿಲ್ಲ. ನಿದ್ದೆ ಸಾಲದ ಕಣ್ಣನ್ನು ಮೊಣಕೈಯಿಂದ ಒರೆಸಿಕೊಂಡು ಇನ್ನೊಂದು ಕಾಲಿಗೆ ಕೈ ಹಾಕುತ್ತಾರೆ.

ಬ್ಯಾಸ್ಕೆಟ್‌ಬಾಲ್ ಕ್ಲಬ್ಬಿನ ಹಾಜರಿ ಪುಸ್ತಕದಲ್ಲಿ ಅವರ ಹುದ್ದೆ ‘ಸಹಾಯಕ’. ಆಟಗಾರರ ಬಾಯಲ್ಲಿ ಮೂವತ್ತೇಳು ವರ್ಷಗಳಿಂದ ಅವರು ಪಟ್ಟಿಯಣ್ಣ. ಇಪ್ಪತ್ತನಾಲ್ಕರ ಪ್ರಾಯದಲ್ಲಿ ಟವೆಲು ಒಗೆಯಲು ಸೇರಿದವರು, ಕಾಲಿಗೆ ಪಟ್ಟಿ ಕಟ್ಟುವುದನ್ನು ನೋಡಿ ಕಲಿತರು. ಈಗ ವಯಸ್ಸು ಅರವತ್ತೊಂದು. ತಂಡದಲ್ಲಿ ಹನ್ನೆರಡು ಮಂದಿ, ಅಂದರೆ ಇಪ್ಪತ್ತನಾಲ್ಕು ಕಣಕಾಲು, ಒಂದಕ್ಕೆ ಮೂರು ನಿಮಿಷ. ಅಭ್ಯಾಸ ಮುಗಿದ ಮೇಲೆ ಕತ್ತರಿಸಿ ತೆಗೆಯುವುದು, ಊದಿದ್ದಕ್ಕೆ ಐಸು, ಬಿಗಿದದ್ದಕ್ಕೆ ಮಾಲೀಶು. ಮಧ್ಯಾಹ್ನದ ಹೊತ್ತಿಗೆ ಅವರ ಹೆಬ್ಬೆರಳುಗಳು ಮರಗಟ್ಟಿರುತ್ತವೆ. ಮನೆಯಲ್ಲಿ ಬಾಟಲಿಯ ಮುಚ್ಚಳ ತೆಗೆಯಬೇಕಾದರೂ ಹೆಂಡತಿಯನ್ನು ಕರೆಯುತ್ತಾರೆ.

“ಬೇರೆಯವರು ಕೆಲಸಕ್ಕೋಸ್ಕರ ಕಾಲು ಹಿಡೀತಾರೆ. ನನಗೆ ಕಾಲು ಹಿಡಿಯೋದೇ ಕೆಲಸ,” ಎನ್ನುತ್ತಾರೆ. ಈ ಮಾತನ್ನು ಸಾವಿರ ಸಲ ಕೇಳಿರುವ ಹೆಂಡತಿ, ಹೊಲಿಗೆ ಯಂತ್ರದಿಂದ ತಲೆಯೆತ್ತದೆಯೇ ಉತ್ತರ ಕೊಡುತ್ತಾರೆ: “ಲೋಕದವರ ಕಾಲೆಲ್ಲ ಹಿಡೀತಾರೆ. ನನ್ನ ಕಾಲು ನೋವು ಅಂದ್ರೆ ಮಾತ್ರ ಇವರಿಗೆ ಆಕಳಿಕೆ ಬರುತ್ತೆ.”

ಕ್ಲಬ್ಬಿಗೆ ಈ ವರ್ಷ ಐವತ್ತು ತುಂಬಿತು. ಅದರ ನೆನಪಿಗೆ ಟಿಕೆಟ್ ಕಿಟಕಿಯ ಪಕ್ಕ ಒಂದು ಪೆಟ್ಟಿಗೆ ಇಟ್ಟರು. ಕ್ಲಬ್ಬು ಕಂಡ ಅತಿ ದೊಡ್ಡ ಸೆಂಟರ್ ಯಾರು, ಚೀಟಿ ಹಾಕಿ ಎಂದರು. ಬುಟ್ಟಿಯ ಕೆಳಗೆ ನಿಂತು ಚೆಂಡು ಕಾಯುವ, ತಂಡದ ಅತಿ ಎತ್ತರದ ಆಳೇ ಸೆಂಟರ್. ಸ್ಪರ್ಧೆಯಲ್ಲಿ ಇದ್ದವರು ಮೂವರು. ಮೊದಲ ಕಾಲದ ತೊಲೆ, ನಡುಗಾಲದ ಕೊಕ್ಕರೆ, ಈಗಿನ ಏಣಿ. ಹೆಸರಿಟ್ಟವರು ಪ್ರೇಕ್ಷಕರು. ತೊಲೆ ಅಗಲಕ್ಕೂ ಭಾರಕ್ಕೂ ತೊಲೆಯೇ. ಕೊಕ್ಕರೆ ಒಂಟಿ ಕಾಲಲ್ಲಿ ಧ್ಯಾನಿಸಿ, ತಟ್ಟನೆ ತಿರುಗಿ ಚೆಂಡು ಹಾಕುತ್ತಿದ್ದವರು. ಬೆಳಿಗ್ಗೆ ಮೇಜಿನ ಮೇಲೆ ಕೂತಿದ್ದವನೇ ಏಣಿ. ಮೂವರ ಕಾಲನ್ನೂ ಹಿಡಿದವರು ಊರಿಗೆಲ್ಲ ಒಬ್ಬರೇ. ಹಾಗಾಗಿ ಜಗಳ ತಾರಕಕ್ಕೇರಿದಾಗಲೆಲ್ಲ ಕ್ಯಾಂಟೀನಿನವರು ಪಟ್ಟಿಯಣ್ಣನ ಕಡೆ ತಿರುಗುತ್ತಿದ್ದರು.

“ಏನಂತ ಹೇಳ್ಲಿ? ತೊಲೆಯಣ್ಣ ಆಡಿದ್ದು ಸಿಮೆಂಟು ನೆಲದ ಮೇಲೆ, ಕ್ಯಾನ್ವಾಸ್ ಶೂ ಹಾಕ್ಕೊಂಡು. ಬೆನ್ನು ಕೊಟ್ಟು ನಿಂತ್ರೆ ಮೂರು ಜನ ತಳ್ಳಿದ್ರೂ ಅಲುಗಾಡ್ತಿರಲಿಲ್ಲ. ಆದ್ರೆ ಈಗಿನ ಓಟಕ್ಕೆ ಅವರನ್ನ ಇಳಿಸಿದ್ರೆ ಐದೇ ನಿಮಿಷಕ್ಕೆ ಏದುಸಿರು ಬಿಡೋರು. ಏಣಿ ಅಷ್ಟು ದೂರದಿಂದ ಚೆಂಡು ಹಾಕ್ತಾನೆ, ಜಿಂಕೆ ಥರ ವಾಪಸ್ ಓಡ್ತಾನೆ. ಅವನನ್ನ ಆ ಸಿಮೆಂಟಿನ ಮೇಲೆ ಬಿಟ್ಟಿದ್ರೆ ಒಂದು ವರ್ಷಕ್ಕೆ ಮಂಡಿ ಎರಡೂ ಕೈಕೊಡ್ತಿದ್ವು.” ಕೊಕ್ಕರೆ? “ಅವರು ಬುದ್ಧಿವಂತರು. ಮೂವರಲ್ಲಿ ಬಲ ಕಮ್ಮಿ, ಲೆಕ್ಕಾಚಾರ ಜಾಸ್ತಿ. ಎಲ್ಲರಿಗಿಂತ ಅರ್ಧ ಗಂಟೆ ಮೊದಲೇ ಬಂದು ಬಿಸಿನೀರಲ್ಲಿ ಕಾಲಿಟ್ಟು ಕೂತಿರೋರು. ನೋವಿದ್ರೆ ನೋವಿದೆ ಅನ್ನೋರು. ಅದನ್ನ ಹೇಳೋಕೂ ಧೈರ್ಯ ಬೇಕು.”

ಹಳೆಯ ಪುಸ್ತಕಗಳಲ್ಲಿ ಅಂಕಗಳಷ್ಟೇ ಇವೆ. ತೊಲೆ ಎಷ್ಟು ಚೆಂಡು ತಡೆದರು, ಎಷ್ಟು ಕಿತ್ತುಕೊಂಡರು ಎಂದು ಯಾರೂ ಬರೆದಿಡಲಿಲ್ಲ. ಆ ಕಾಲದಲ್ಲಿ ಬರೆಯುವ ರೂಢಿಯೇ ಇರಲಿಲ್ಲ. ಏಣಿಯ ಒಂದೊಂದು ಹೆಜ್ಜೆಯನ್ನೂ ಕಂಪ್ಯೂಟರು ಎಣಿಸುತ್ತದೆ. ಪೆಟ್ಟಿಗೆ ತೆರೆದಾಗ ಏಣಿಗೆ ಒಂಬೈನೂರ ಚಿಲ್ಲರೆ ಚೀಟಿ, ಕೊಕ್ಕರೆಗೆ ನಾನ್ನೂರು. ತೊಲೆಗೆ ಹನ್ನೊಂದು. ಪಟ್ಟಿಯಣ್ಣ ಚೀಟಿ ಹಾಕಿರಲಿಲ್ಲ. “ಹಾಕೋ ಯೋಗ್ಯತೆ ನನಗಿಲ್ಲ,” ಎಂದಷ್ಟೇ ಹೇಳುತ್ತಾರೆ. ಕಾರಣ ಹೇಳಲು ಅವರಿಗೆ ಎರಡು ದಿನ ಹಿಡಿಯಿತು.

ಅದು ಮೂವತ್ತನಾಲ್ಕು ವರ್ಷಗಳ ಹಿಂದಿನ ಫೈನಲ್ಲು. ತೊಲೆಯ ಬಲ ಮಂಡಿ ತೆಂಗಿನಕಾಯಿಯ ಗಾತ್ರಕ್ಕೆ ಊದಿತ್ತು. ಆಗಿನ ಕೋಚು ಬಾಗಿಲಲ್ಲಿ ನಿಂತು “ಕಟ್ಟು” ಎಂದರು. ತೊಲೆಯೂ “ಕಟ್ಟೋ” ಎಂದರು. ಕೆಲಸಕ್ಕೆ ಸೇರಿ ಮೂರೇ ವರ್ಷವಾಗಿದ್ದ ಯುವಕ ಕಟ್ಟಿದ. ಎಷ್ಟು ಬಿಗಿಯಾಗಿ ಕಟ್ಟಿದನೆಂದರೆ ನೋವು ಒಳಗೇ ಸಿಕ್ಕಿಕೊಂಡಿತು. ತಂಡ ಗೆದ್ದಿತು. ಜನ ತೊಲೆಯನ್ನು ಹೆಗಲ ಮೇಲೆ ಹೊರಲು ನೋಡಿ, ಭಾರ ತಾಳದೆ ಇಳಿಸಿದರು. ನೆಲಕ್ಕೆ ಕಾಲಿಟ್ಟವರು ಕುಸಿದರು. ಅದೇ ಅವರ ಕೊನೆಯ ಪಂದ್ಯ. ಎರಡು ಆಪರೇಷನ್ ಆದವು. ಊರುಗೋಲು ಮಾತ್ರ ಕೈಬಿಡಲಿಲ್ಲ.

“ಮಂಡಿ ಮುಟ್ಟಿದಾಗಲೇ ನನಗೆ ಗೊತ್ತಾಗಿತ್ತು. ಒಳಗೆ ಏನೋ ಸಡಿಲ ಆಗಿತ್ತು,” ಎನ್ನುತ್ತಾರೆ ಪಟ್ಟಿಯಣ್ಣ. “ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಗೊತ್ತಿದ್ದೂ ಕಟ್ಟಿದೆ.”

ಈ ಸಲದ ಸೆಮಿಫೈನಲ್ಲಿನ ಸಂಜೆ ಅದೇ ಮಾತು ಮತ್ತೆ ಬಂತು. ಏಣಿಯ ಎಡ ಪಾದ ಎರಡು ದಿನಗಳಿಂದ ಊದಿತ್ತು. ಆಸ್ಪತ್ರೆಗೆ ಹೋಗಲು ಅವನಿಗೆ ಪುರುಸೊತ್ತಿಲ್ಲ, ಕಳಿಸಲು ಯಾರಿಗೂ ಮನಸ್ಸಿಲ್ಲ. ಕೋಣೆಗೆ ಬಂದ ಕೋಚು ಬೇರೆ ಯಾರೂ ಅಲ್ಲ, ಕೊಕ್ಕರೆಯೇ. ಆಟ ಬಿಟ್ಟ ಮೇಲೆ ಕೋಚಾದವರು. ಪಟ್ಟಿಯಣ್ಣನ ಕೆಲಸವನ್ನು ವರ್ಷ ವರ್ಷವೂ ಮುಂದುವರಿಸುವ ಕಾಗದಕ್ಕೆ ಸಹಿ ಹಾಕುವವರೂ ಅವರೇ.

ಪಟ್ಟಿಯಣ್ಣ ಪಾದದ ಹೊರಗಿನ ಮೂಳೆಯನ್ನು ಹೆಬ್ಬೆರಳಿಂದ ಒಂದೇ ಒಂದು ಕಡೆ ಒತ್ತಿದರು. “ಅಣ್ಣಾ, ನೋವೇ ಇಲ್ಲ, ಕಟ್ಟಿ,” ಎಂದ ಏಣಿ. “ಬಾಯಿ ಇಲ್ಲ ಅಂತಿತ್ತು, ಮೇಲ್ತುಟಿ ಬೆವರ್ತಿತ್ತು,” ಎಂದು ನೆನೆಯುತ್ತಾರೆ ಅವರು. ಟೇಪಿನ ಸುರುಳಿಯನ್ನು ಮೇಜಿನ ಮೇಲಿಟ್ಟು ಕೈ ಒರೆಸಿಕೊಂಡರು.

“ನಾನು ಕಟ್ಟಲ್ಲ ಸರ್.”

“ಪಟ್ಟಿಯಣ್ಣ, ಇವತ್ತೊಂದು ದಿನ,” ಎಂದರು ಕೊಕ್ಕರೆ. “ಹೊರಗೆ ನಾಲ್ಕು ಸಾವಿರ ಜನ ಕೂತಿದ್ದಾರೆ.”

“ಕೂತಿರಲಿ. ಇವನು ಆಡಿದ್ರೆ ಇವನೂ ಕೂತೇಬಿಡ್ತಾನೆ.”

ಕೊಕ್ಕರೆ ತಾವೇ ಸುರುಳಿ ಎತ್ತಿಕೊಂಡರು. ಕಟ್ಟಲು ಅವರಿಗೂ ಬರುತ್ತದೆ. ಏಣಿಯ ಪಾದವನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತರು. ಆಮೇಲೆ ಸುರುಳಿಯನ್ನು ಇದ್ದಲ್ಲೇ ಇಟ್ಟು, ಬಾಗಿಲನ್ನು ಜೋರಾಗಿ ಎಳೆದುಕೊಂಡು ಹೋದರು. ಏಣಿ ಗೋಡೆಯ ಕಡೆ ಮುಖ ತಿರುಗಿಸಿದ. ತಂಡ ಮೂರು ಅಂಕಗಳಿಂದ ಸೋತಿತು.

ಆ ವಾರ ಕ್ಯಾಂಟೀನಿನಲ್ಲಿ ಪಟ್ಟಿಯಣ್ಣನ ಮೇಜಿಗೆ ಯಾರೂ ಬರಲಿಲ್ಲ. ಮನೆಯಲ್ಲಿ ಹೆಂಡತಿ, “ಬಡವನ ಕೋಪ ದವಡೆಗೆ ಮೂಲ. ಈ ವಯಸ್ಸಲ್ಲಿ ಬೇರೆ ಕೆಲಸ ಎಲ್ಲಿ ಹುಡುಕ್ತೀರಿ?” ಎಂದರು. “ಕೋಪ ಅಲ್ಲ ಕಣೇ, ಸುಸ್ತು,” ಎಂದರಂತೆ ಇವರು. “ಇನ್ನೊಂದು ಮಂಡೀನ ಹೊತ್ಕೊಂಡು ತಿರುಗೋಕೆ ನನ್ನ ಕೈಲಿ ಆಗಲ್ಲ.” ಆ ದಿನ ಹೆಂಡತಿಯೇ ಹೊಲಿಗೆ ನಿಲ್ಲಿಸಿ ಗಂಡನ ಹೆಬ್ಬೆರಳಿಗೆ ಎಣ್ಣೆ ತಿಕ್ಕಿದರು.

ನಾಲ್ಕನೆಯ ದಿನ ಸ್ಕ್ಯಾನಿಂಗಿನಲ್ಲಿ ಏಣಿಯ ಪಾದದ ಮೂಳೆಯಲ್ಲಿ ಕೂದಲೆಳೆಯಂಥ ಬಿರುಕು ಕಂಡಿತು. ಆಡಿದ್ದರೆ ಎರಡು ತುಂಡಾಗುತ್ತಿತ್ತು ಎಂದರು ವೈದ್ಯರು. ಯಾರೂ ಬಂದು ಕ್ಷಮೆ ಕೇಳಲಿಲ್ಲ, ಬೆನ್ನು ತಟ್ಟಲಿಲ್ಲ. ಮುಂದಿನ ವರ್ಷದ ಕಾಗದ ಮಾತ್ರ ಸಹಿಯಾಗಿ ಮೇಜಿನ ಮೇಲೆ ಕೂತಿತ್ತು. ಹನ್ನೊಂದು ವಾರ ಕಳೆದ ಮೇಲೆ ಏಣಿ ಕೋಣೆಗೆ ಬಂದ. ಮೇಜು ಹತ್ತಿ ಕಾಲು ಚಾಚಿದ. ಅದಾಗಿ ಈಗ ಎರಡು ವಾರ.

ಭಾನುವಾರ ಪಟ್ಟಿಯಣ್ಣನಿಗೆ ರಜೆ. ಆದರೂ ಬೆಳಿಗ್ಗೆ ಏಳಕ್ಕೆ ಎರಡು ಸ್ಟಾಪಿನಾಚೆ ಬಸ್ಸಿಳಿದು, ಮೂವತ್ತೊಂದು ಮೆಟ್ಟಿಲು ಹತ್ತಿ ತೊಲೆಯ ಮನೆಯ ಬಾಗಿಲು ತಟ್ಟುತ್ತಾರೆ. ಮೂವತ್ತನಾಲ್ಕು ವರ್ಷಗಳಲ್ಲಿ ಇದು ತಪ್ಪಿದ್ದು ಕಡಿಮೆ. ತೊಲೆಯ ಹೆಂಡತಿ ಬಕೆಟಿನಲ್ಲಿ ಬಿಸಿನೀರು ತಂದಿಡುತ್ತಾರೆ. ಅರವತ್ತಮೂರರ ದೈತ್ಯರು ಮಂಚದ ಅಂಚಿಗೆ ಕೂತು ಪೈಜಾಮ ಮೇಲಕ್ಕೆ ಸರಿಸುತ್ತಾರೆ. ಪಟ್ಟಿಯಣ್ಣ ಟವೆಲು ಹಿಂಡಿ ಮಂಡಿಗೆ ಸುತ್ತುತ್ತಾರೆ. ಹವಾಮಾನ, ಅಂಕಪಟ್ಟಿ, ಪಕ್ಕದ ಮನೆಯವರ ನಾಯಿ, ಎಲ್ಲದರ ಮಾತೂ ಆಗುತ್ತದೆ. ಆ ಫೈನಲ್ಲಿನ ಮಾತು ಮಾತ್ರ ಇಬ್ಬರೂ ಎತ್ತಿದವರಲ್ಲ.

ಈ ಭಾನುವಾರ ತೊಲೆಯೇ ಎತ್ತಿದರು.

“ಏಣಿಗೆ ಕಟ್ಟಲ್ಲ ಅಂದೆಯಂತೆ.”

“ಹೂಂ ಅಣ್ಣ.”

“ಆವತ್ತು ನನಗೆ ಹಾಗಂದಿದ್ರೆ ನಿನ್ನ ಹಲ್ಲು ಉದುರಿಸ್ತಿದ್ದೆ ಕಣೋ.”

ಪಟ್ಟಿಯಣ್ಣ ಟವೆಲಿನ ಮೇಲಿಟ್ಟ ಕೈ ತೆಗೆಯಲಿಲ್ಲ. “ಉದುರಿಸ್ಕೋಬೇಕಿತ್ತು ಅಣ್ಣ,” ಎಂದರು.

ತೊಲೆ ಅಗಲವಾದ ಅಂಗೈಯನ್ನು ಪಟ್ಟಿಯಣ್ಣನ ಹೆಗಲ ಮೇಲಿಟ್ಟು, ಅದನ್ನೇ ಆಧಾರ ಮಾಡಿಕೊಂಡು ಎದ್ದು ನಿಂತರು. ಕಿಟಕಿಯವರೆಗೆ ನಡೆದರು. ಊರುಗೋಲು ಮಂಚದ ಪಕ್ಕದಲ್ಲೇ ಉಳಿಯಿತು, ಹೆಗಲು ಜೊತೆಗೆ ಹೋಯಿತು.

ಮೆಟ್ಟಿಲಿಳಿಯುವಾಗ ಪಟ್ಟಿಯಣ್ಣ ನಡುವೆ ಒಮ್ಮೆ ನಿಂತು ಉಸಿರು ತೆಗೆದುಕೊಂಡರು. ಮೂವರಲ್ಲಿ ಯಾರು ದೊಡ್ಡವರು ಎಂಬ ಪ್ರಶ್ನೆಗೆ ಅವರ ಬಳಿ ಇಂದಿಗೂ ಉತ್ತರವಿಲ್ಲ. ನಿಮಗೇನು ಆಸೆ ಎಂದು ಕೇಳಿದರೆ ಇದೆ.

“ಏಣಿಗೆ ಈಗ ಇಪ್ಪತ್ತೈದು. ಅವನಿಗೆ ಅರವತ್ತಾದಾಗ ನಾನಿರಲ್ಲ. ಆಗ ಅವನು ಯಾರ ಹೆಗಲೂ ಹಿಡೀದೆ ತನ್ನ ಮನೆ ಮೆಟ್ಟಿಲು ತಾನೇ ಇಳೀಬೇಕು. ಅಷ್ಟಾದ್ರೆ ಸಾಕಪ್ಪ ನನಗೆ.”