ಆಸ್ರಿ ಕೊಟ್ಟ ಸಿಸ್ಟರ್

ಸಂಜೆಯಾಗುತ್ತಿದ್ದಂತೆ ಸಿಸ್ಟರ್ ಪಾದಗಳು ಬಾತುಕೊಂಡು ಚಪ್ಪಲಿಯಲ್ಲಿ ಹಿಡಿಸುತ್ತಿರಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು, ಚರ್ಚ್ ಹಾಲಿನ ತಣ್ಣನೆಯ ನೆಲದ ಮೇಲೆ ಬರಿಗಾಲಲ್ಲಿ ಓಡಾಡುತ್ತ ಪಾಠ ಹೇಳುತ್ತಿದ್ದರು. ಪರೇಲಿನಲ್ಲಿ ಬಿಲ್ಡಿಂಗ್ ಏಳುತ್ತಿದ್ದ ಕಡೆಗೆಲ್ಲ ಹೋಗಿ ಕೂಲಿಯವರ ಮಕ್ಕಳನ್ನು ಕರೆತರುವುದು ಅವರ ಕೆಲಸ. ನಮ್ಮ ಕಡೆ ಸಿಸ್ಟರ್ ಎಂದರೆ ಸೂಜಿ ಚುಚ್ಚುವವರು. ಅವರನ್ನು ಕಂಡರೆ ಮಕ್ಕಳು ಮರಳಿನ ಗುಡ್ಡೆಯ ಹಿಂದೆ ಅಡಗುತ್ತಿದ್ದವು.

ನಿಮ್ಮ ಅಜ್ಜ ತೀರಿಕೊಂಡ ವರ್ಷ ಅದು. ನಾನು ಇಟ್ಟಿಗೆ ಹೊರಲು ಹೋದರೆ ನಿಮ್ಮ ಅವ್ವ ತನ್ನ ತಮ್ಮನನ್ನು ಎತ್ತಿಕೊಂಡು ದಿನವೆಲ್ಲ ಕೂರುತ್ತಿದ್ದಳು. ಯಾದಗಿರಿ ಕಡೆಯ ಹಳ್ಳಿಯಲ್ಲಿ ನಾನಾದರೂ ನಾಲ್ಕನೆಯ ತರಗತಿ ಕಂಡವಳು. ಮಗಳಿಗೆ ಅಷ್ಟೂ ಇಲ್ಲವಾಗುತ್ತದಲ್ಲ ಎಂದು ಸಂಕಟ. ಒಂದು ದಿನ ಧೈರ್ಯ ಮಾಡಿ ಚರ್ಚ್ ಬಾಗಿಲಲ್ಲಿ ನಿಂತೆ. ಸಿಸ್ಟರ್ ಕುಂದಾಪುರದ ಕಡೆಯವರು. ನನ್ನ ಮುಖ ನೋಡಿ, "ಆಸ್ರಿಗೆ ಬೇಕಾ?" ಎಂದರು.

ನಮ್ಮಲ್ಲಿ ಆಸರ ಎಂದರೆ ಆಧಾರ. ಗುರುತಿಲ್ಲದ ಹೆಂಗಸು ನೋಡಿದ ಕೂಡಲೇ ಹೀಗೆ ಕೇಳಿದರಲ್ಲ ಎಂದು ಹೊಸ್ತಿಲ ಮೇಲೇ ಕೂತೆ. "ಬೇಕ್ರಿ," ಎಂದವಳು, ಯಾರ ಮುಂದೆಯೂ ಬಾಯಿ ಬಿಡದ ನಾನು, ಗಂಡ ಹೋದದ್ದು, ಮಗಳ ಓದು, ಕೈಕೂಸು ಎಲ್ಲವನ್ನೂ ಹೇಳಿಬಿಟ್ಟೆ. ಮುಗಿದ ಮೇಲೆ ಅವರು ಒಳಗೆ ಹೋಗಿ ಬೆಲ್ಲ, ನೀರು ತಂದಿಟ್ಟರು. ನಾಳೆಯಿಂದ ಮಗಳು ಕೂಸನ್ನೂ ಎತ್ತಿಕೊಂಡೇ ಬರಲಿ ಎಂದರು.

ಅವರ ಊರಲ್ಲಿ ಆಸ್ರಿ ಎಂದರೆ ಬಾಯಾರಿಕೆಗೆ ಕೊಡುವುದು ಎಂದು ನನಗೆ ತಿಳಿದದ್ದು ಎಷ್ಟೋ ದಿನಗಳ ಮೇಲೆ. "ನಾ ಕೇಂಡದ್ದು ನೀರು ಬೇಕಾ ಅಂದೇಳಿ ಮಾರಾಯ್ತಿ. ನೀನು ಇಡೀ ಸಂಸಾರವೇ ತಂದಿಟ್ಟೆ," ಎಂದು ನಗುತ್ತಿದ್ದರು.

ಚರ್ಚಿಗೆ ಕಳಿಸಿದರೆ ಜಾತಿ ಕೆಡುತ್ತದೆ ಎಂದು ಜೊತೆಯ ಕೂಲಿಯವರು ಹೆದರಿಸಿದರು. ಸಿಸ್ಟರಿಗೆ ವಾದ ಮಾಡುವಷ್ಟು ತ್ರಾಣ ಉಳಿದಿರುತ್ತಿರಲಿಲ್ಲ. ಏಳರ ಮಗ್ಗಿಗೆ ಯಾವ ಜಾತಿ ಎಂದು ಕೇಳಿ ಪಾಠಕ್ಕೆ ತಿರುಗುತ್ತಿದ್ದರು.

ಜೂನಿನಲ್ಲಿ ನಿಮ್ಮ ಅವ್ವನನ್ನು ದೊಡ್ಡ ಶಾಲೆಗೆ ಸೇರಿಸುವುದೆಂದು ಮಾತಾಗಿತ್ತು. ಅಷ್ಟರಲ್ಲಿ ಬಿಲ್ಡಿಂಗ್ ಕೆಲಸ ಮುಗಿದು, ನಮ್ಮನ್ನು ಕೂಲಿಗೆ ತಂದಿದ್ದ ಮುಕಾದಮ ಎಲ್ಲರನ್ನೂ ದೂರದ ವಸಯಿ ಕಡೆ ಸಾಗಿಸಲು ಟೆಂಪೋ ತಂದ. ಕೂಲಿ ಎಲ್ಲಿಯೋ ಅಲ್ಲಿ ನಾವು. ಪಾತ್ರೆ ಪಡಗ ಏರಿಸಿ ಆಗಿತ್ತು. ಸಿಸ್ಟರ್ ಕುಂಟುತ್ತ ಬಂದು ಟೆಂಪೋದ ಹಿಂದಿನ ಹಲಗೆಯ ಮೇಲೆ ಕೂತುಬಿಟ್ಟರು.

"ನೀವೂ ಬರ್ರಿ ಸಿಸ್ಟರ್. ಇಟ್ಟಂಗಿ ಹೊರೂ ಮಂದಿ ಕಮ್ಮಿ ಅದಾರ," ಎಂದ ಮುಕಾದಮ.

"ಬರ್ತೆ. ಈ ಕಾಲು ಹೊರೂಕೆ ಮತ್ತಿಬ್ಬರು ಬೇಕು ಕಾಣಿ," ಎಂದರು. ಎಲ್ಲರೂ ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, ದನಿ ತಗ್ಗಿಸಿ, "ಹಿಂಗೇ ಹೋದ ಮಕ್ಕಳು ಯಾರೂ ತಿರುಗಿ ಬರ್ಲಿಲ್ಲ. ನಂಗೆ ಹುಡ್ಕಿ ಹುಡ್ಕಿ ಸಾಕಾಯ್ತು," ಎಂದರು.

ಚರ್ಚಿನವರನ್ನು ಕಾಡಿಬೇಡಿ ಹಾಲಿನ ಹಿಂದಿನ ಖೋಲಿಯನ್ನೂ, ಮಕ್ಕಳಿಗೆ ಖಿಚಡಿ ಬೇಯಿಸುವ ಕೆಲಸವನ್ನೂ ನನಗಾಗಿ ಕೇಳಿಟ್ಟಿದ್ದರು. ನಾನು ಪಾತ್ರೆ ಇಳಿಸಿದೆ. ಉಳಿದ ಮಕ್ಕಳು ಅದೇ ಟೆಂಪೋದಲ್ಲಿ ಹೋದವು. ಅದು ತಿರುವಿನಲ್ಲಿ ಮರೆಯಾದ ಮೇಲೂ ಸಿಸ್ಟರ್ ಅಲ್ಲೇ ನಿಂತಿದ್ದರು.

ಹೋದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಚರ್ಚಿನ ಪ್ರಾರ್ಥನೆಯಲ್ಲಿ ಎರಡು ಮಾತು ಹೇಳಬೇಕೆಂದು ಫಾದರ್ ನನ್ನನ್ನು ಕರೆದರು. ನಾನು ಮಗಳ ಕಡೆ ತಿರುಗಿದೆ. ನಿಮ್ಮ ಅವ್ವ ಎದ್ದು ಹೋಗಿ, ಅಷ್ಟು ಜನರ ಮುಂದೆ, ಮರಾಠಿಯಲ್ಲೂ ಕನ್ನಡದಲ್ಲೂ ತಡವರಿಸದೆ ಮಾತಾಡಿದಳು. ಪಕ್ಕದ ಬೆಂಚಿನ ಹೆಂಗಸು ನನ್ನ ಕಡೆ ಬಾಗಿ, ಇವಳು ಯಾರ ಪೈಕಿ ಎಂದು ಕೇಳಿದಳು. ನನ್ನ ಮಗಳು ಎನ್ನಲು ಬಾಯಿ ತೆರೆದೆ.

"ಸಿಸ್ಟರ್ ಪೈಕಿ ರೀ," ಎಂದೆ.