ಆಗದ ಪ್ರಯೋಗಗಳ ಪುಸ್ತಕ

ಬೆಳಗಿನ ಆರು ಗಂಟೆ. ಸಂಶೋಧನಾ ಸಂಸ್ಥೆಯ ನೆಲಮಾಳಿಗೆಯಲ್ಲಿ ಒಂದೇ ದೀಪ ಉರಿಯುತ್ತಿದೆ. ಅದರಡಿ ಒಬ್ಬ ಹೆಂಗಸು ಮೊಣಕೈವರೆಗೆ ರಬ್ಬರ್ ಗವಸು ತೊಟ್ಟು, ಗಾಜಿನ ಫ್ಲಾಸ್ಕೊಂದನ್ನು ಬೆಳಕಿಗೆ ಹಿಡಿದು ತಿರುಗಿಸುತ್ತಿದ್ದಾರೆ. ಒಳಗೆ ಹಸಿರು ಕಲೆ. "ಇದು ಸೋಪಿಗೆ ಬಗ್ಗೋ ಜಾತಿಯಲ್ಲ, ಎರಡು ದಿನ ನೆನೀಲಿ," ಎಂದು ತಮ್ಮ ಬಗ್ಗೆ ಬರೆಯಲು ಬಂದ ನನಗೆ ಹೇಳಿ ಪಕ್ಕದ ತೊಟ್ಟಿಗೆ ಇಳಿಸುತ್ತಾರೆ.

ಎಲ್ಲರಿಗೂ ಅವರು ಗಾಜಿನಕ್ಕ. ನಾಲ್ಕು ಮಹಡಿಗಳ ಪ್ರಯೋಗಾಲಯಗಳಿಂದ ದಿನಕ್ಕೆ ನಾನೂರು ಪಾತ್ರೆಗಳು ಇಳಿದು ಬರುತ್ತವೆ. ಪ್ರತಿಯೊಂದಕ್ಕೂ ಮೂರು ಸಲ ನಲ್ಲಿ ನೀರು, ಮೂರು ಸಲ ಬಟ್ಟಿ ಇಳಿಸಿದ ನೀರು. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಬೆರಳ ಸಂದಿಗಳು ಗವಸಿನೊಳಗೂ ಬಿರಿದಿವೆ. ನರ್ಸ್ ಆಗಿರುವ ಮಗಳು ಮುಲಾಮು ತಂದುಕೊಡುತ್ತಾಳೆ, ಜೊತೆಗೆ ಕಾಲೆಳೆಯುತ್ತಾಳೆ: "ಅಮ್ಮನ ಮುಂದೆ ಎಂಜಲು ತಟ್ಟೆ ಇಡೋಕೂ ಭಯ. ಕಲೆ ನೋಡಿ ಯಾರು ಏನು ತಿಂದ್ರು ಅಂತ ಹೇಳಿಬಿಡ್ತಾರೆ."

ಆ ಕಣ್ಣೇ ಅವರನ್ನು ಸಂಕಟಕ್ಕೂ ಸಿಲುಕಿಸಿತು. ಎಂಟು ವರ್ಷದ ಹಿಂದೆ ಮೂರನೇ ಮಹಡಿಯ ತಂಡವೊಂದು ಹೊಸ ಔಷಧಿ ತಯಾರಿಸಲು ಹೋಗಿತ್ತು. ಪ್ರತಿ ಸಲವೂ ಫ್ಲಾಸ್ಕಿನ ತಳದಲ್ಲಿ ಕಂದು ಅಂಟು ಮಾತ್ರ ಉಳಿಯಿತು; ವರ್ಷದ ನಂತರ ತಂಡ ಅದನ್ನು ಸದ್ದಿಲ್ಲದೆ ಕೈಬಿಟ್ಟಿತು. ಗೆದ್ದದ್ದನ್ನು ಪತ್ರಿಕೆಗಳಲ್ಲಿ ಬರೆಯುವ ವಿಜ್ಞಾನಿಗಳು ಸೋತದ್ದನ್ನು ಯಾರಿಗೂ ಹೇಳುವುದಿಲ್ಲ. ಎರಡು ವರ್ಷ ಕಳೆದು ಅದೇ ಅಂಟು ಮೊದಲನೇ ಮಹಡಿಯಿಂದ ಬಂತು, ಒಬ್ಬ ಸಂಶೋಧನಾ ವಿದ್ಯಾರ್ಥಿನಿಯ ಫ್ಲಾಸ್ಕಿನಲ್ಲಿ.

"ನೋಡಿದ ದಿನವೇ ಗೊತ್ತಾಯ್ತು. ಆದ್ರೆ ಒಂದು ಲ್ಯಾಬಿನ ಮಾತು ಇನ್ನೊಂದಕ್ಕೆ ಒಯ್ಯಬಾರದು ಅಂತ ಕೆಲಸಕ್ಕೆ ಸೇರಿದಾಗಲೇ ಹೇಳಿದ್ರು. ನಂಗ್ಯಾಕೆ ಊರ ಉಸಾಬರಿ ಅಂತ ಸುಮ್ನಿದ್ದೆ."

ಹುಡುಗಿ ಹದಿನಾಲ್ಕು ತಿಂಗಳು ಹೆಣಗಿದಳು. "ಸರಿಯಾಗಿ ತೊಳೆದಿದ್ದೀರಾ ಅಕ್ಕಾ?" ಎಂದು, ತೊಳೆದ ಪಾತ್ರೆ ಕೊಡುವ ಇದೇ ಕಟ್ಟೆಯ ಬಳಿ ನಿಂತು ಅತ್ತಳು. ಶಿಷ್ಯವೇತನದ ಅವಧಿ ಮುಗಿಯಿತು. ಸಂಶೋಧನೆಯನ್ನೇ ಬಿಟ್ಟು ಹೋದಳು. ಆಮೇಲೆ ಮೂರನೇ ಮಹಡಿಯ ಹಿರಿಯ ವಿಜ್ಞಾನಿಯೊಬ್ಬರು, "ಅದಾ? ಅದು ಆಗೋದಲ್ಲ ಅಂತ ನಮಗೆ ಯಾವತ್ತೋ ಗೊತ್ತಿತ್ತು," ಎಂದರಂತೆ.

ಮರುವಾರವೇ ಗಾಜಿನಕ್ಕ ಒಂದು ದಪ್ಪ ನೋಟ್‌ಬುಕ್ ತಂದು, ಆ ಕಟ್ಟೆಯ ಮೇಲಿಟ್ಟು, ದಾರದಿಂದ ಪೆನ್ನು ಕಟ್ಟಿದರು. ರಟ್ಟಿನ ಮೇಲೆ ಬರೆದದ್ದು: ‘ಆಗದೇ ಹೋದದ್ದು’. ಪಾತ್ರೆ ಒಯ್ಯಲು ಬಂದವರನ್ನೆಲ್ಲ ಬರೆಯಿರಿ ಎಂದು ಕಾಡಿದರೂ ನಾಲ್ಕು ತಿಂಗಳು ಯಾರೂ ಅದನ್ನು ಮುಟ್ಟಲಿಲ್ಲ. ಕಂಡದ್ದು ಹೇಳಿದರೆ ಕೆಂಡದಂಥ ಕೋಪ; ಅದೇ ಹಿರಿಯರು ಇಳಿದು ಬಂದು, "ನಮ್ಮ ಸೋಲನ್ನ ಡಂಗುರ ಸಾರ್ತೀಯಾ? ಕೆಲಸ ಬೇಡ್ವಾ?" ಎಂದು ಗದರಿದರು.

"ಗೆದ್ದಿದ್ದನ್ನ ನೀವೇ ಸಾರ್ತೀರಿ ಸರ್, ಸೋತಿದ್ದು ನನ್ನ ಸಿಂಕಿಗೆ ಬರುತ್ತೆ ಅಂದೆ. ಇನ್ನೊಂದು ಮಗು ಇಲ್ಲಿ ನಿಂತು ಅಳೋದು ನೋಡೋಕಾಗಲ್ಲ, ಬೇಕಾದ್ರೆ ನನ್ನ ತೆಗೆದುಹಾಕಿ ಅಂದೆ."

ತೆಗೆಯಲಿಲ್ಲ. ಕೊನೆಗೆ ಆ ಹಿರಿಯರೇ ಪೆನ್ನು ಹಿಡಿದರು, ನೋಡಿ ಉಳಿದವರೂ ಬರೆದರು. ಈಗ ಪುಸ್ತಕದಲ್ಲಿ ಅರವತ್ತೊಂದು ಸೋಲುಗಳಿವೆ. ಹನ್ನೊಂದು ಆ ಹಿರಿಯರವೇ. ಗ್ರಂಥಾಲಯದವರು ಅವನ್ನು ಸಂಸ್ಥೆಯ ಜಾಲತಾಣಕ್ಕೂ ಏರಿಸುತ್ತಾರೆ. ಎಲ್ಲಿಯವರು ಬೇಕಾದರೂ ಓದಬಹುದು. ಕಳೆದ ತಿಂಗಳು ಇಬ್ಬರು ವಿದ್ಯಾರ್ಥಿಗಳು ಓದಿ, ಸಮಯವಿರುವಾಗಲೇ ದಾರಿ ಬದಲಿಸಿದರು.

ಮೊದಲ ಪುಟ ಮಾತ್ರ ಖಾಲಿ. ಅದು ಆ ಹುಡುಗಿಯದು. ಅವಳೀಗ ಮಕ್ಕಳಿಗೆ ಮನೆಪಾಠ ಹೇಳುತ್ತಾಳೆ. ಗಾಜಿನಕ್ಕ ಆಗಾಗ ಫೋನ್ ಮಾಡುತ್ತಾರೆ. "ಬಂದು ನಿಂದೂ ಬರಿಯಮ್ಮಾ ಅಂತೀನಿ. ನನಗೆ ಕೈ ಹತ್ತಲಿಲ್ಲ ಅಕ್ಕಾ, ಬಿಡಿ ಅಂತಾಳೆ."

ಬೇರೆ ಯಾರಿಂದಾದರೂ ಬರೆಸಬಹುದಲ್ಲ ಎನ್ನುತ್ತೇನೆ. ಅವರು ಗವಸು ಕಳಚುತ್ತಾರೆ.

"ಅವಳು ಸೋತಿದ್ದಲ್ಲ. ನಂಗೆ ಗೊತ್ತಿತ್ತು, ಹೇಳಲಿಲ್ಲ. ಎಲ್ಲರ ಕೈಲೂ ಬರೆಸ್ತೀನಿ, ನನ್ನ ತಪ್ಪನ್ನ ಮಾತ್ರ ಅವಳಿಗೆ ಇನ್ನೂ ಹೇಳಿಲ್ಲ. ಅದು ಫೋನಲ್ಲಿ ಹೇಳೋ ಮಾತಲ್ಲ. ಅವಳು ಒಂದ್ಸಲ ಬರಬೇಕು."